‘ಕಾಲಿ’ ಅಂದರೆ ನಂಬದ ಕದಿರಪ್ಪ

ಬೆಳಗಿನ ಆರು ಗಂಟೆ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಹಾಲಿನ ಕ್ಯಾನುಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಂದೂಕಿನ ಅಂಗಡಿಯ ಬಾಗಿಲನ್ನು ಅರ್ಧ ತೆರೆದು, ಕದಿರಪ್ಪ ಒಂದು ರಿವಾಲ್ವರಿನ ಗುಂಡು ತುಂಬುವ ಉರುಳೆ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಆರು ತೂತು, ಆರರಲ್ಲೂ ಬೆಳಕು. ನಿನ್ನೆ ಸಂಜೆ ನೋಡಿ ಬೀಗ ಹಾಕಿದ್ದೂ ಇದನ್ನೇ, ಬೀಗದ ಕೈ ಇದ್ದದ್ದೂ ಅವರ ಸೊಂಟದಲ್ಲೇ. ಆದರೂ ಒಂದೊಂದು ತೂತಿಗೂ ಕಡ್ಡಿ ತೂರಿಸಿ ನೋಡುತ್ತಾರೆ. ತಮ್ಮ ಕಣ್ಣಿನ ಮೇಲೂ ಅವರಿಗೆ ಅನುಮಾನ.

ಮಾತಾಡಿಸಲು ಹೋದ ಪತ್ರಿಕೆಯವರ ಚೀಲ ಹೊಸಿಲಾಚೆಯೇ ಉಳಿಯಬೇಕು. ಪೆನ್ನಿಗೆ ಪ್ರವೇಶವುಂಟು, ಅದನ್ನೂ ಒಮ್ಮೆ ಬಿಚ್ಚಿ ನೋಡಿದ ಮೇಲೆ.

ಐವತ್ತೇಳರ ಕದಿರಪ್ಪ ಹುಟ್ಟಿದ್ದು ಉರಿಗಾಂನ ಕಾರ್ಮಿಕರ ಸಾಲು ಮನೆಯಲ್ಲಿ. ಅಪ್ಪ ಅಲ್ಲಿನ ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ದುಡಿದವರು. "ಪಾಳಿ ಮುಗ್ಸಿ ಮೇಲಕ್ಕೆ ಬಂದ್ರೆ ಅಪ್ಪನ ಬಾಯಿ ತೆಗೆಸಿ ನೋಡೋರು, ಚಿನ್ನ ಇಟ್ಕೊಂಡಿದಾನೇನೋ ಅಂತ. ಅವಾಗ ಮೈ ಉರಿಯೋದು. ಈಗ ನಾನೇ ಆ ಕೆಲ್ಸ ಮಾಡ್ತೀನಿ ನೋಡಿ," ಎಂದು ನಗುತ್ತಾರೆ. ಫಿಟ್ಟರ್ ಕೆಲಸ ಕಲಿತು ಈ ಅಂಗಡಿ ಸೇರಿ ಇಪ್ಪತ್ತೆರಡು ವರ್ಷ, ಇದು 1992. ಬೋರ್ಡಿನಲ್ಲಿ ಮಾಲೀಕರ ಹೆಸರಿದೆ. ದಿನಕ್ಕೆ ಬರುವ ಗಿರಾಕಿಗಳು ಮೂರೋ ನಾಲ್ಕೋ, ಅವರಲ್ಲಿ ಅರ್ಧ ಜನ ಕದಿರಪ್ಪನನ್ನು ಬೈದುಕೊಂಡು ಹೋಗುತ್ತಾರೆ.

ಇವತ್ತು ಬಂದಿರುವುದು ಬೂದಿಕೋಟೆಯ ರಾಮಚಂದ್ರಪ್ಪ. ಒಂದು ಕೊಲೆ ಕೇಸಿನಲ್ಲಿ ಸಾಕ್ಷಿ ಹೇಳಿದಾಗಿನಿಂದ ಅವರಿಗೆ ಬೆದರಿಕೆ. ಊರಾಚೆ ತೋಟದಲ್ಲಿ ಒಂಟಿ ಮನೆ.

"ಜೇಬಿನಾಗೆ ಇಡ್ಸೋ ಅಷ್ಟು ಚಿಕ್ದಿರಬೇಕಣ್ಣ, ಏಟು ಮಾತ್ರ ದೊಡ್ಡದಿರಬೇಕು. ಮೂವತ್ತೆಂಟರ ಅಳತೇದು ಕೊಡಿ."

"ಮೂವತ್ತೆಂಟು ನಿಮ್ಮ ಲೈಸೆನ್ಸಿಗೆ ಬರಲ್ಲ. ಬಂದ್ರೂ ನಾನು ಕೊಡಲ್ಲ. ಗನ್ನು ಚಿಕ್ಕದಾದಷ್ಟೂ ಒದೆಯೋದು ಜಾಸ್ತಿ, ಏಟು ಸೂರಿಗೋಗ್ತದೆ. ಇಪ್ಪತ್ತೆರಡು ಕೈಗೆ ಅಗುರ, ಆದ್ರೆ ನಿಮ್ಮ ಕಾಗದದಾಗೆ ಬರೆದಿರೋದು ಮೂವತ್ತೆರಡು. ಅದ್ರ ಗುಂಡಿನ ತೋಟಾ ಬೆಂಗಳೂರಾಗೆ ಸಿಗ್ತದೆ. ತೋಟಾ ಸಿಗ್ದಿರೋ ಗನ್ನು ಬಾಗ್ಲಿಗೆ ಒತ್ತಿಡೋಕೂ ಬರಲ್ಲ."

ರಾಮಚಂದ್ರಪ್ಪನ ಅಂಗೈಯನ್ನು ಗೇಣು ಹಾಕಿ ಅಳೆದು, ಗಿಡ್ಡ ನಳಿಗೆಯದೊಂದನ್ನು ತೆಗೆಯುತ್ತಾರೆ. ಉರುಳೆ ಬಿಚ್ಚಿ ನೋಡಿ, ಮುಚ್ಚಿ, ಮುಂದೆ ಚಾಚುತ್ತಾರೆ. "ಕಾಲಿ ಅದೆ. ಇಡ್ಕೊಳ್ಳಿ."

ರಾಮಚಂದ್ರಪ್ಪ ಹಿಡಿದುಕೊಂಡು ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟು, ಬೆರಳನ್ನು ಸೀದಾ ಟ್ರಿಗರಿಗೆ ತಾಗಿಸುತ್ತಾರೆ. ಕದಿರಪ್ಪ ಮೆಲ್ಲಗೆ ಅದನ್ನು ವಾಪಸ್ಸು ತೆಗೆದುಕೊಳ್ಳುತ್ತಾರೆ.

"ಇನ್ನೊಂದು ದಿನ ಬನ್ನಿ."

"ಓದ ವಾರಾನೂ ಇದೇ ಅಂದ್ರಿ! ನಾಯಿ ಬೊಗಳಿದ್ರೆ ಮನೆಯಾಗೆ ಯಾರೂ ಮಲಗಲ್ಲ ಕಣಣ್ಣ. ನನ್ ಮ್ಯಾಲೇನು ಅನುಮಾನ ನಿಮ್ಗೆ?"

"ನಿಮ್ ಮ್ಯಾಲಲ್ಲ. ನಾನು ಕಾಲಿ ಅಂದೆ, ನೀವು ನಂಬಿದ್ರಿ. ಅದೇ ತಪ್ಪು."

ಆ ತಪ್ಪಿನ ಬೆಲೆ ಕದಿರಪ್ಪನಿಗೆ ಗೊತ್ತು. 1979ರ ಒಂದು ಬೆಳಿಗ್ಗೆ ಮೇಜಿನ ಮೇಲೆ ಒಂದೇ ಥರದ ಎರಡು ರಿವಾಲ್ವರ್ ಇದ್ದವು. ಒಂದನ್ನು ಬಿಚ್ಚಿ ನೋಡಿದ್ದರು, ಇನ್ನೊಂದು ರಿಪೇರಿಗೆ ಆಗತಾನೇ ಬಂದಿತ್ತು. ಟೀ ಕುಡಿದು, ಕೈಗೆ ಸಿಕ್ಕಿದ್ದನ್ನು ಗಿರಾಕಿಗೆ ಕೊಟ್ಟು "ಕಾಲಿ" ಅಂದರು. ಕನ್ನಡ, ತಮಿಳು, ತೆಲುಗು ಬೆರೆಸಿ ಮಾತಾಡುವ ಈ ಕಡೆ ಮೂರು ಭಾಷೆಗೂ ಆ ಒಂದೇ ಮಾತು ಸಾಕು, ಯಾರೂ ತಿರುಗಿ ಕೇಳುವುದಿಲ್ಲ. ಗಿರಾಕಿಯೂ ಕೇಳಲಿಲ್ಲ, ಬಾಗಿಲ ಕಡೆ ಹಿಡಿದು ಟ್ರಿಗರ್ ಒತ್ತಿದ. ತಿಂಡಿ ಡಬ್ಬಿ ಹಿಡಿದು ಒಳಗೆ ಬರುತ್ತಿದ್ದ ಹೆಂಡತಿ ವೆಂಕಟರತ್ನಮ್ಮನ ಎಡಭುಜಕ್ಕೆ ಗುಂಡು ಹೊಕ್ಕಿತು. ಜೀವ ಉಳಿಯಿತು, ಆದರೆ ಆ ಕೈ ಇವತ್ತಿಗೂ ತಲೆಯವರೆಗೆ ಏಳುವುದಿಲ್ಲ. ಹದಿಮೂರು ವರ್ಷದಿಂದ ಅವರಿಗೆ ಜಡೆ ಹಾಕುವುದು ಕದಿರಪ್ಪ.

ಇದನ್ನು ಹೇಳಿ ಮುಗಿಸುವ ಹೊತ್ತಿಗೆ ವೆಂಕಟರತ್ನಮ್ಮ ಬಲಗೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಬಾಗಿಲ ಪಕ್ಕದ ಗೋಡೆಯ ಮರೆಯಲ್ಲಿ ನಿಂತಿದ್ದಾರೆ. ಒಳಗೆ ಕಾಲಿಡುವುದಿಲ್ಲ.

"ಕಾಲೀನಾ?"

ಕದಿರಪ್ಪ ಉರುಳೆ ಬಿಚ್ಚಿ ಬಾಗಿಲಿನವರೆಗೆ ಒಯ್ದು ತೋರಿಸುತ್ತಾರೆ. ಆಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ತುಟಿಯಲ್ಲೇ ಆರರವರೆಗೆ ಎಣಿಸುತ್ತಾರೆ. ಮೇಜಿನ ಮೇಲೆ ಬೇರೆ ಯಾವುದೂ ಇಲ್ಲವೆಂದು ಕತ್ತು ಚಾಚಿ ನೋಡಿಕೊಂಡು ಒಳಗೆ ಬರುತ್ತಾರೆ.

ಇದನ್ನೆಲ್ಲ ನೋಡುತ್ತಿದ್ದ ರಾಮಚಂದ್ರಪ್ಪ ಕೈ ಚಾಚುತ್ತಾರೆ. "ಇನ್ನೊಂದ್ಸಲ ಕೊಡಿ ಅಣ್ಣ." ನಳಿಗೆಯನ್ನು ನೆಲಕ್ಕೆ ತಿರುಗಿಸಿ, ತಾವೇ ಉರುಳೆ ಬಿಚ್ಚಿ, ಕದಿರಪ್ಪನ ಕಡ್ಡಿ ಕೇಳಿ ಪಡೆದು ಒಂದೊಂದೇ ತೂತಿಗೆ ತೂರಿಸುತ್ತಾರೆ. ಕದಿರಪ್ಪ ಆರನೆಯದರವರೆಗೂ ಕಾದು, ಲೈಸೆನ್ಸಿನ ಕಾಗದ ತೆಗೆದುಕೊಂಡು ನಂಬರು ಬರೆಯಲು ಕೂರುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಪತ್ರಿಕೆಯವರು ಕೇಳಿದರೆ, ಕದಿರಪ್ಪ ಡಬ್ಬಿ ಬಿಚ್ಚುತ್ತಿರುವ ಹೆಂಡತಿಯ ಕಡೆ ನೋಡುತ್ತಾರೆ.

"ಜಡೆ ಹಾಕ್ವಾಗ ಕಣ್ಮುಚ್ಚಿ ಕತ್ತು ಕೊಟ್ಟು ಕೂತ್ಕೊತಾಳೆ, ಅಷ್ಟು ನಂಬ್ಕೆ ನನ್ ಮ್ಯಾಲೆ. ಈ ಬಾಗ್ಲತ್ರ ಮಾತ್ರ, ನಾನು ಬದುಕಿರೋಗಂಟ, ಅವ್ಳು ನನ್ ಮಾತು ನಂಬ್ದೆ ಇದ್ರೆ ಸಾಕು."