ಗ್ರಾನೈಟ್ ಬೆಂಚು

"ಕುಂಟೆ ಕೆಲ್ಸ ನಿಮ್ ಕೈಲಾಗಲ್ಲ ಅತ್ತಿಗೆ" ಎಂದು ನಕ್ಕವನು ನನ್ನ ಮೈದುನ. ಆ ಹಟಕ್ಕೇ ಸಮೇತನಹಳ್ಳಿ ಪಕ್ಕದೂರಿನ ಕುಂಟೆ, ಅಂದರೆ ಊರ ಪುಟ್ಟ ಕೆರೆಯ, ದುರಸ್ತಿಯ ಗುತ್ತಿಗೆ ಹಿಡಿದೆ. ಅರಳಿಕಟ್ಟೆಯಲ್ಲಿ ಸಭೆ ಕರೆದು, ಪುಸ್ತಕದಲ್ಲಿ ಓದಿದ್ದನ್ನೆಲ್ಲ ಒದರಿ, ದಡದ ಹಳೇ ಕಲ್ಲು ಕಿತ್ತು ಗ್ರಾನೈಟ್ ಬೆಂಚು ಹಾಕಲೇ ಎಂದು ಕೇಳಿದೆ. "ಭೇಷಾಗಿರ್ತದೆ ಕಣಮ್ಮ" ಎಂದರು. ಹಾಕಿಸಿದೆ.

ಉದ್ಘಾಟನೆಯ ಬೆಳಿಗ್ಗೆ ಹೋದರೆ, ಬೆಂಚಿನ ಮೇಲೆ ಹೆಂಗಸರು ದಬದಬ ಬಟ್ಟೆ ಒಗೆಯುತ್ತಿದ್ದರು.

"ಅಯ್ಯೋ ಅಕ್ಕಾ, ಸಭೇಲಿ ಎಲ್ಲರನ್ನೂ ಕೇಳಿದ್ನಲ್ಲ!"

"ನೀನ್ ಕೇಳಿದ್ದು ಕಟ್ಟೆ ಮೇಲೆ ಕೂತಿದ್ದ ಗಂಡಸರನ್ನ. ಅವರು ಯಾವತ್ತವ್ವ ಬಟ್ಟೆ ಒಗ್ದವ್ರೆ? ನಮ್ ಒಗೆಯೋ ಕಲ್ಲು ಎಲ್ಲಿ?"

ಹೆಂಗಸಾದ ನನಗೇ ಅದು ಹೊಳೆದಿರಲಿಲ್ಲ. ಉದ್ಘಾಟನೆ ಮುಂದೂಡಿಸಿ, ಸ್ವಂತ ಖರ್ಚಿನಲ್ಲಿ ಬೆಂಚು ಕೀಳಿಸಿ ಹಳೇ ಕಲ್ಲುಗಳನ್ನು ಮತ್ತೆ ಕೂರಿಸಿದೆ. ಬೆಂಚಿನ ಬಿಲ್ಲೂ ನನ್ನ ತಲೆಗೇ ಬಂತು. ಈಗ ಆ ಬೆಂಚುಗಳು ನನ್ನ ಅಂಗಳದಲ್ಲಿವೆ. ಆ ಕೆಲಸದ ಲಾಭವೆಲ್ಲ ಅವಕ್ಕೇ ಹೋಯಿತು. ಇಷ್ಟು ದುಬಾರಿ ಬೆಂಚು ಹೊಸಕೋಟೆ ತಾಲ್ಲೂಕಿನಲ್ಲಿ ಇನ್ಯಾರ ಮನೆ ಮುಂದಿದೆ, ಹೇಳಿ!