ಇಲ್ಲದ ವಾರ್ಡಿನ ಕೊಡಗಳು

ಶಹಾಪುರದಲ್ಲಿ ನಾವಿದ್ದ ವಾರ್ಡನ್ನು ಒಂದು ಚುನಾವಣೆಗೆ ಮೊದಲು ತೆಗೆದುಹಾಕಿದರು. ಹೊಲಗಳಿಗೆ ಕಾಲುವೆ ನೀರು ಬಂದು ಊರು ಬೆಳೆದಿತ್ತು, ಅದಕ್ಕೇ ಗಡಿಗಳನ್ನು ಹೊಸದಾಗಿ ಎಳೆದರಂತೆ. ಬೆಳೆದ ಊರಲ್ಲಿ ವಾರ್ಡೊಂದು ಹೇಗೆ ಇಲ್ಲವಾಗುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಓಣಿಯ ಎಡಬದಿ ಒಂದು ವಾರ್ಡಿಗೆ, ಬಲಬದಿ ಇನ್ನೊಂದಕ್ಕೆ ಹೋಯಿತು. ನಮ್ಮ ಮನೆ ಮತ್ತು ಪುರಸಭೆ ಮೆಂಬರರ ಮನೆ ಮಾತ್ರ ಓಣಿಯ ಕೊನೆಗೆ ಅಡ್ಡಲಾಗಿದ್ದವು, ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ.

ನಳದಲ್ಲಿ ನೀರು ಬಾರದ ದಿನ ನಾವು ಹೆಂಗಸರು ಬಾಯಿ ಮಾಡುತ್ತಿರಲಿಲ್ಲ. ಖಾಲಿ ಕೊಡಗಳನ್ನು ಮೆಂಬರರ ಕಟ್ಟೆಯ ಮೇಲಿಟ್ಟು ಬರುತ್ತಿದ್ದೆವು. ಕಟ್ಟೆ ತುಂಬಿದರೆ ಅವರು ಚಹಾ ಕೂಡ ಕುಡಿಯದೆ ನೀರು ಬಿಡುವವನನ್ನು ಹುಡುಕಿಕೊಂಡು ಹೋಗುತ್ತಿದ್ದರು.

ವಾರ್ಡು ಹೋಗಿ ಚುನಾವಣೆ ಮುಗಿದ ಮೇಲೂ ಕೊಡಗಳು ಅದೇ ಕಟ್ಟೆಗೆ ಹೋದವು. "ನಾ ಈಗ ಯಾರಿಗೂ ಮೆಂಬರ್ ಅಲ್ರವ್ವಾ" ಎಂದು ಅವರು ಕೈಮುಗಿದರು. ನಾನು ಸಿಟ್ಟಿನಿಂದ ಕೊಡ ಎತ್ತಿಕೊಂಡು ಎಡಬದಿಯ ಹೊಸ ಮೆಂಬರರ ಮನೆಗೆ ಹೋದೆ.

"ನಿಮ್ಮ ಮನಿ ನನಗ ಬರಂಗಿಲ್ರಿ, ಆ ಕಡಿಯವರನ್ನ ಕೇಳ್ರಿ" ಎಂದರು. ಬಲಬದಿಯವರು ತಿರುಗಿ ಇವರ ಕಡೆಗೇ ಕೈ ತೋರಿಸಿದರು. ಅಷ್ಟು ವರ್ಷ ಬಾಳಿದ ನನ್ನ ಮನೆ ಎಲ್ಲಿದೆಯೆಂದು ನನಗೇ ಅನುಮಾನ ಬಂತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ಹಳೆಯ ಮೆಂಬರರು ತಾಮ್ರದ ಕೊಡ ಹಿಡಿದು ಓಣಿಯ ನಡುವೆ ನಿಂತಿದ್ದರು.

"ನಮ್ಮ ನಳಕ್ಕೂ ನೀರು ಬಂದಿಲ್ಲವ್ವಾ. ಇದನ್ನ ಯಾರ ಕಟ್ಟಿ ಮ್ಯಾಲ ಇಡ್ಲಿ?"