ಲೊರ್ನಾ ಟೀಚರ್ ಎರಡನೇ ಸಲ ಬರೆದ ಪರೀಕ್ಷೆ

ಕಟಪಾಡಿ ಪೇಟೆಯಿಂದ ಸ್ವಲ್ಪ ಒಳಗಿರುವ ಅನುದಾನಿತ ಶಾಲೆಯಲ್ಲಿ ಲೊರ್ನಾ ಟೀಚರ್ ಒಂದನೇ ತರಗತಿಗೆ ಕಲಿಸತೊಡಗಿ ಇಪ್ಪತ್ತು ವರ್ಷ ದಾಟಿತ್ತು. ಅಳುತ್ತ ಬರುವ ಮಗುವನ್ನು ತುಳುವಾಗಲಿ ಕೊಂಕಣಿಯಾಗಲಿ ಅದರ ಮನೆಮಾತಿನಲ್ಲೇ ಸಮಾಧಾನಪಡಿಸಿ, ಮೆಲ್ಲನೆ ಕನ್ನಡಕ್ಕೆ ತರುವುದು ಅವರ ರೀತಿ. ಸೇವೆಯಲ್ಲಿರುವ ಶಿಕ್ಷಕರೂ ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು ಎಂಬ ನ್ಯಾಯಾಲಯದ ತೀರ್ಪು ಬಂದಾಗ ಸಹೋದ್ಯೋಗಿ ತಾರಾನಾಥ ಮೇಷ್ಟ್ರು, ತಾನು ಬರೆಯುವುದೇ ಇಲ್ಲ ಎಂದರು. ಲೊರ್ನಾ ಬರೆದರು. ಸ್ವಲ್ಪದರಲ್ಲಿ ಫೇಲಾದರು.

ಸುದ್ದಿ ಊರಿಗೆಲ್ಲ ಗೊತ್ತಾಯಿತು. ಒಂದು ಬೆಳಿಗ್ಗೆ ರೋಹಿತ್ ಎಂಬವರು ಮಗಳು ಮೋಕ್ಷಾಳ ಕೈ ಹಿಡಿದು ತರಗತಿಯ ಬಾಗಿಲಲ್ಲೇ ನಿಂತರು.

"ಬೇಸರ ಮಾಡಬೇಡಿ ಟೀಚರ್. ಫೇಲಾದವರು ಮಕ್ಕಳಿಗೆ ಎಂತ ಕಲಿಸುವುದು? ಇವಳ ಟಿ.ಸಿ. ಕೊಡಿಸಿ."

ಮಕ್ಕಳೆಲ್ಲ ಕೇಳುತ್ತಿದ್ದರು. ಆ ಮಾತು ಪೂರ್ತಿ ಸುಳ್ಳೆನ್ನಲು ಲೊರ್ನಾರಿಂದಾಗಲಿಲ್ಲ. ಪರೀಕ್ಷೆಯಲ್ಲಿ ಮಕ್ಕಳ ಕಲಿಕೆಯ ಕುರಿತು ಬಂದ ಎಷ್ಟೋ ಪ್ರಶ್ನೆಗಳ ಬಗ್ಗೆ ಅವರು ಎಂದೂ ಯೋಚಿಸಿರಲಿಲ್ಲ.

"ಫೇಲಾದದ್ದು ಹೌದು. ಪುನಃ ಬರೆಯುತ್ತೇನೆ," ಎಂದಷ್ಟೇ ಹೇಳಿದರು.

ಮೋಕ್ಷಾ ಹೋದಳು. ಅದೇ ವಾರ ಇನ್ನೊಂದು ಮಗುವೂ ಬಿಟ್ಟಿತು. ಮಕ್ಕಳ ಸಂಖ್ಯೆ ಇನ್ನೂ ಇಳಿದರೆ ಶಾಲೆಯೇ ಉಳಿಯುವುದು ಕಷ್ಟ ಎಂದರು ಮುಖ್ಯೋಪಾಧ್ಯಾಯಿನಿ ಮನೋರಮಾ.

ಗಂಡ ಸ್ಟ್ಯಾನಿಸ್ಲಾಸ್ ಅಡುಗೆ ವಹಿಸಿಕೊಂಡರು. ಲೊರ್ನಾ ಓದಿದರು.

ಎರಡನೇ ಪರೀಕ್ಷೆ ಉಡುಪಿಯಲ್ಲಿ. ಅರ್ಧ ದಾಟಿದ ಮೇಲೆ ಅವರ ಗಮನಕ್ಕೆ ಬಂತು: ಗೊತ್ತಾಗದ ಒಂದು ಪ್ರಶ್ನೆ ಬಿಟ್ಟಿದ್ದರು, ಪೆನ್ನಿನಿಂದ ವೃತ್ತ ತುಂಬುವ ಉತ್ತರಪತ್ರಿಕೆಯಲ್ಲಿ ಅದರ ಸಾಲು ಬಿಡಲು ಮರೆತಿದ್ದರು. ಮುಂದಿನ ಉತ್ತರಗಳೆಲ್ಲ ಒಂದೊಂದು ಸಾಲು ಮೇಲೆ ಬಿದ್ದಿದ್ದವು. ಬೇರೆ ಹಾಳೆ ಕೇಳಿದರು. ಕೊಡುವ ಹಾಗಿಲ್ಲ ಎಂದರು ಮೇಲ್ವಿಚಾರಕಿ. ಎದ್ದು ಹೋಗಿಬಿಡೋಣ ಎನಿಸಿತು. ಹೋಗಲಿಲ್ಲ. ಹಾಳಾದದ್ದನ್ನು ಬಿಟ್ಟು, ಉಳಿದ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಿ, ಸಾಲಿನ ಮೇಲೆ ಬೆರಳಿಟ್ಟು ತುಂಬಿದರು.

ಫಲಿತಾಂಶ ಬರುವವರೆಗೆ ಅವರಿಗೆ ಊಟ ರುಚಿಸಲಿಲ್ಲ. ಬಂದ ದಿನ ಮೊಬೈಲನ್ನು ಮನೋರಮಾರ ಕೈಗಿತ್ತು ತಾವು ಕಿಟಕಿಯ ಕಡೆ ತಿರುಗಿ ನಿಂತರು.

"ಪಾಸ್ ಉಂಟು ಲೊರ್ನಾ. ಬೇಕಾದದ್ದಕ್ಕಿಂತ ಎರಡೇ ಅಂಕ ಹೆಚ್ಚು."

ಲೊರ್ನಾ ಕುಳಿತುಬಿಟ್ಟರು. ಬಿಟ್ಟುಹೋದ ಮಕ್ಕಳು ಮರಳಲಿಲ್ಲ. ಉಳಿದವರನ್ನು ಹೆತ್ತವರು ಕದಲಿಸಲಿಲ್ಲ.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ತಾರಾನಾಥ ಮೇಷ್ಟ್ರು ಬಂದು, ಇನ್ನೂ ಸಮಯ ಉಂಟಲ್ವಾ, ತನಗೂ ಸ್ವಲ್ಪ ಹೇಳಿಕೊಡಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಲೊರ್ನಾ ತಾವು ಓದಿದ ಪುಸ್ತಕದ ಮೊದಲ ಪಾಠ ತೆರೆದರು.